ಅಂಗಡಿಯ ಗಲ್ಲಾ, ಮನೆಯ ಖಾತೆ ಮತ್ತು ತೆರಿಗೆಯ ಗದ್ದಲ

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಗೋಡೆಗಳಿಂದ ಕ್ಯೂಆರ್ ಕೋಡ್‌ಗಳು ಒಂದೊಂದಾಗಿ ಮಾಯವಾದವು. ಆ ಜಾಗದಲ್ಲಿ ಕೈಬರಹದ ಚೀಟಿ ಕಾಣಿಸಿಕೊಂಡಿತು: ‘ಯುಪಿಐ ಇಲ್ಲ, ನಗದು ಮಾತ್ರ’. ಹತ್ತು ರೂಪಾಯಿಯ ಟೀಗೂ ಮೊಬೈಲ್ ಹಿಡಿಯುವುದನ್ನು ರೂಢಿಸಿಕೊಂಡಿದ್ದ ನಗರ ಮತ್ತೆ ಚಿಲ್ಲರೆಗೆ ತಡಕಾಡಿತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮಾಹಿತಿಯನ್ನು ಆಧರಿಸಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದೇ ಇದಕ್ಕೆ ಕಾರಣ.

ಆ ನೋಟಿಸ್‌ಗಳ ಬಿಸಿ ಆರಿದೆ. ಗೊಂದಲ ಮಾತ್ರ ಹಾಗೆಯೇ ಉಳಿದಿದೆ. ಮೊಬೈಲ್‌ನಲ್ಲಿ ಹಣ ಪಡೆದರೆ ತೆರಿಗೆ ಬೀಳುತ್ತದೆಯೇ, ಜಿಎಸ್‌ಟಿ ಇಳಿದಿದ್ದರೆ ತುಪ್ಪದ ಬೆಲೆ ಏಕೆ ಏರಿತು, ‘ನಮ್ಮ ತೆರಿಗೆ ನಮ್ಮ ಹಕ್ಕು’ ಎನ್ನುವ ಹೋರಾಟಕ್ಕೂ ಮನೆಖರ್ಚಿಗೂ ಏನು ಸಂಬಂಧ ಎಂಬ ಪ್ರಶ್ನೆಗಳು ಇನ್ನೂ ಕೇಳಿಬರುತ್ತಿವೆ. ಊರ ಉಸಾಬರಿ ನಮಗೇಕೆ ಎಂದು ಟಿವಿ ಆರಿಸಿ ಕುಳಿತವರ ಮನೆಗೂ ಈ ಸುದ್ದಿಗಳು ಬಂದೇ ಬಂದಿವೆ. ಹಾಗೆಂದು ಎಲ್ಲವನ್ನೂ ಸಮನಾಗಿ ತಲೆಗೆ ಹಚ್ಚಿಕೊಂಡರೆ ನೆಮ್ಮದಿಯೂ ಇಲ್ಲ, ತಿಳಿವೂ ಇಲ್ಲ. ಒಂದೊಂದು ತೆರಿಗೆಯೂ ಮನೆಗೆ ಬರುವ ದಾರಿ ಬೇರೆ, ವೇಗ ಬೇರೆ. ರಾಜಕೀಯದ ಗದ್ದಲ ಈ ವ್ಯತ್ಯಾಸವನ್ನೇ ಅಳಿಸಿಹಾಕುತ್ತದೆ.

ಕಾನೂನು ಹಳೆಯದು, ಕಣ್ಣು ಹೊಸದು

ಯುಪಿಐಗೆ ಪ್ರತ್ಯೇಕ ತೆರಿಗೆ ಇಲ್ಲ. 2025ರ ಏಪ್ರಿಲ್‌ನಲ್ಲಿ 2,000 ರೂಪಾಯಿ ಮೀರಿದ ಯುಪಿಐ ಪಾವತಿಗೆ ಜಿಎಸ್‌ಟಿ ಬರಲಿದೆ ಎಂಬ ಸುದ್ದಿ ಹರಿದಾಡಿದಾಗ ಕೇಂದ್ರ ಹಣಕಾಸು ಸಚಿವಾಲಯ ಅದನ್ನು ಅಲ್ಲಗಳೆದಿತ್ತು. ಆದರೆ ವದಂತಿ ಬಿತ್ತಿದ ಭಯ ಸ್ಪಷ್ಟನೆಯಿಂದ ಹೋಗುವುದಿಲ್ಲ. ಮೂರು ತಿಂಗಳ ನಂತರ ನೋಟಿಸ್ ಕೈಗೆ ಬಂದಾಗ ಬಹಳಷ್ಟು ಜನ ಹೊಸ ತೆರಿಗೆಯೇ ಬಂದಿತೆಂದು ನಂಬಿದರು.

ಹೊಸದೇನೂ ಇರಲಿಲ್ಲ. ವರ್ಷಕ್ಕೆ 40 ಲಕ್ಷ ರೂಪಾಯಿಗಿಂತ ಹೆಚ್ಚಿನ ಸರಕು ಮಾರುವವರು ಜಿಎಸ್‌ಟಿ ನೋಂದಣಿ ಮಾಡಿಸಬೇಕೆಂಬ ಮಿತಿ 2019ರ ಏಪ್ರಿಲ್‌ನಿಂದಲೇ ಇದೆ. ಸೇವೆಗಳಿಗೆ ಈ ಮಿತಿ 20 ಲಕ್ಷ. ಹೋಟೆಲ್‌ನಲ್ಲಿ ತಯಾರಿಸಿ ಬಡಿಸುವ ತಿಂಡಿ, ಟೀ ಕೂಡ ಕಾನೂನಿನ ಕಣ್ಣಿಗೆ ಸೇವೆಯೇ. ನಗದಾಗಲಿ, ಕಾರ್ಡ್ ಆಗಲಿ, ಯುಪಿಐ ಆಗಲಿ, ಹಣ ಬಂದ ಬಗೆಗೂ ಈ ಮಿತಿಗೂ ಸಂಬಂಧವಿಲ್ಲ. ಬದಲಾದದ್ದು ಒಂದೇ. ಗಲ್ಲಾ ಪೆಟ್ಟಿಗೆಯಲ್ಲಿ ಬಿದ್ದ ನೋಟು ಇಲಾಖೆಗೆ ಕಾಣುತ್ತಿರಲಿಲ್ಲ, ಯುಪಿಐ ಮೂಲಕ ಬಂದ ಹಣ ಕಂಡಿತು. 2021–22ರಿಂದ 2024–25ರವರೆಗಿನ ಮಾಹಿತಿಯನ್ನು ಪಾವತಿ ಸಂಸ್ಥೆಗಳಿಂದ ತರಿಸಿಕೊಂಡ ಇಲಾಖೆ, ಮಿತಿ ದಾಟಿಯೂ ನೋಂದಣಿ ಮಾಡಿಸದವರನ್ನು ಹುಡುಕಿ ವಿವರಣೆ ಕೇಳಿತು.

ನಲವತ್ತು ಲಕ್ಷ ಎಂದ ಕೂಡಲೇ ದೊಡ್ಡ ವ್ಯಾಪಾರಿ ಎನಿಸುತ್ತದೆ. ಅದನ್ನು 365 ದಿನಗಳಿಗೆ ಹಂಚಿದರೆ ದಿನಕ್ಕೆ ಹತ್ತಿರ ಹತ್ತಿರ 11,000 ರೂಪಾಯಿ. ಬೆಳಿಗ್ಗೆ ಐದಕ್ಕೆ ಹಾಲಿನ ಕ್ರೇಟ್ ಇಳಿಸಿಕೊಂಡು ರಾತ್ರಿ ಹತ್ತಕ್ಕೆ ಬಾಗಿಲು ಹಾಕುವ ಅಂಗಡಿಗೆ ಇದು ದೊಡ್ಡ ಮೊತ್ತವಲ್ಲ. ಹಾಲು, ಸಿಗರೇಟಿನಂತಹ ವಸ್ತುಗಳಲ್ಲಿ ವಹಿವಾಟು ಬೆಟ್ಟದಷ್ಟು ಕಂಡರೂ ಉಳಿಯುವ ಲಾಭ ತೀರಾ ಕಡಿಮೆ. ಮಿತಿ ನಿಗದಿಯಾಗಿರುವುದು ವಹಿವಾಟಿಗೆ, ವ್ಯಾಪಾರಿ ಬದುಕುವುದು ಲಾಭದಲ್ಲಿ. ‘ನಲವತ್ತು ಲಕ್ಷ ದುಡಿಯುವವನು ಬಡವನೇ?’ ಎಂದು ಕೇಳಿದ ನಗರದ ಸಂಬಳದಾರರಿಗೆ ಈ ಅಂತರ ಹೊಳೆದಂತಿರಲಿಲ್ಲ.

29 ಲಕ್ಷ ಬಂದದ್ದು ಎಲ್ಲಿಂದ

ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ಬಂದ ನೋಟಿಸ್ ದೇಶದಾದ್ಯಂತ ಸುದ್ದಿಯಾಯಿತು. ನಾಲ್ಕು ವರ್ಷಗಳಲ್ಲಿ 1.63 ಕೋಟಿ ರೂಪಾಯಿ ವಹಿವಾಟು, ಕಟ್ಟಬೇಕಾದ ತೆರಿಗೆ 29 ಲಕ್ಷ. ಓದಿದವರು ಹೌಹಾರಿದರು. ಲೆಕ್ಕವನ್ನು ಬಿಡಿಸಿ ನೋಡಿದರೆ ವಿಷಯ ತಿಳಿಯಾಗುತ್ತದೆ. 1.63 ಕೋಟಿಯನ್ನು ನಾಲ್ಕರಿಂದ ಭಾಗಿಸಿದರೆ ವರ್ಷಕ್ಕೆ ಸರಾಸರಿ 40.75 ಲಕ್ಷ, ಅಂದರೆ ಮಿತಿಯ ಹೊಸ್ತಿಲನ್ನು ಆಗಷ್ಟೇ ದಾಟಿದ ಮೊತ್ತ. ಅದೇ 1.63 ಕೋಟಿಗೆ ಶೇ 18 ಹಾಕಿದರೆ ಬರುವುದು 29 ಲಕ್ಷ ಚಿಲ್ಲರೆ. ಮಾರಿದ್ದು ಏನೆಂದು ನೋಡದೆ, ಬಂದ ಹಣಕ್ಕೆಲ್ಲ ಒಂದೇ ದರ ಹಾಕಿದರೆ ಸಿಗುವ ಅಂಕಿಯೂ ಅದೇ.

ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ. ತೆರಿಗೆ ವಿನಾಯಿತಿ ಇರುವ ವಸ್ತುಗಳನ್ನು ಮಾತ್ರ ಮಾರುವವರು ಎಷ್ಟೇ ವಹಿವಾಟು ಮಾಡಿದರೂ ನೋಂದಣಿ ಮಾಡಿಸಬೇಕಾಗಿಲ್ಲ. ಹಾಗಾದರೆ ನೋಟಿಸ್ ಏಕೆ? ಯುಪಿಐ ಮಾಹಿತಿಯಲ್ಲಿ ಹಣ ಎಷ್ಟು ಬಂತು ಎಂಬುದು ಇರುತ್ತದೆ. ಅದು ಬದನೆಕಾಯಿಗೆ ಬಂದದ್ದೋ ಬಿಸ್ಕತ್ತಿಗೆ ಬಂದದ್ದೋ ಎಂಬುದು ಇರುವುದಿಲ್ಲ. ನೋಟಿಸ್ ಎಂದರೆ ವಿವರಣೆ ಕೇಳುವ ಪತ್ರ, ಅಂತಿಮ ಆದೇಶವಲ್ಲ ಎಂದು ಇಲಾಖೆ ಸಮಜಾಯಿಷಿ ನೀಡಿತು. ಕಾನೂನಿನ ಪ್ರಕಾರ ಅದು ಸರಿ. ಆದರೆ 29 ಲಕ್ಷ ಎಂಬ ಅಂಕಿಯನ್ನು ಓದುವ ವ್ಯಾಪಾರಿಯ ಕಣ್ಣು ‘ವಿವರಣೆ’ ಎಂಬ ಪದದ ಮೇಲೆ ನಿಲ್ಲುವುದಿಲ್ಲ. ಅಂಗಡಿಯಲ್ಲಿ ಮಾರುವುದೇನೆಂದು ಮೊದಲು ವಿಚಾರಿಸಿ ಆಮೇಲೆ ಪತ್ರ ಬರೆದಿದ್ದರೆ ಅರ್ಧ ಗಾಬರಿ ತಪ್ಪುತ್ತಿತ್ತು.

ಇನ್ನೊಂದು ತೊಡಕು ಮಿಶ್ರ ಅಂಗಡಿಗಳದ್ದು. ಹಾಲು, ಬ್ರೆಡ್, ತರಕಾರಿಯ ಜೊತೆಗೆ ಸೋಪು, ಬಿಸ್ಕತ್ತು ಮಾರುವ ಅಂಗಡಿಯಲ್ಲಿ 40 ಲಕ್ಷದ ಮಿತಿಗೆ ವಿನಾಯಿತಿಯ ವಸ್ತುಗಳ ವಹಿವಾಟೂ ಸೇರುತ್ತದೆ. ಒಂದು ಅಂಗಡಿಯ ವಹಿವಾಟು ವರ್ಷಕ್ಕೆ 45 ಲಕ್ಷ, ಅದರಲ್ಲಿ 25 ಲಕ್ಷ ಹಾಲು ಬ್ರೆಡ್ಡಿನದು ಎಂದುಕೊಳ್ಳಿ. ಮಿತಿ ದಾಟಿದ್ದರಿಂದ ನೋಂದಣಿ ಕಡ್ಡಾಯ. ಆದರೆ ಒಂದೂವರೆ ಕೋಟಿ ವಹಿವಾಟಿನವರೆಗೆ ಅವಕಾಶವಿರುವ ರಾಜಿ ತೆರಿಗೆ (ಕಾಂಪೊಸಿಷನ್) ಯೋಜನೆಗೆ ಸೇರಿದರೆ, ತೆರಿಗೆಗೆ ಒಳಪಡುವ 20 ಲಕ್ಷಕ್ಕೆ ಶೇ 1ರಂತೆ ವರ್ಷಕ್ಕೆ 20,000 ರೂಪಾಯಿ ಕಟ್ಟಿದರೆ ಮುಗಿಯಿತು. ಅದನ್ನು ಗ್ರಾಹಕರಿಂದ ಪಡೆಯುವಂತಿಲ್ಲ, ತನ್ನ ಲಾಭದಿಂದಲೇ ಕಟ್ಟಬೇಕು. ಹೋಟೆಲ್‌ಗಳಿಗೆ ಈ ದರ ಶೇ 5.

ಸಿಕ್ಕು ಇರುವುದು ಇಲ್ಲಿ. ಈ ಸೌಲಭ್ಯ ನೋಂದಣಿ ಮಾಡಿಸಿ, ಯೋಜನೆಗೆ ಸೇರಿದವರಿಗೆ ಮಾತ್ರ. ಕಳೆದುಹೋದ ವರ್ಷಗಳಿಗೆ ಅದನ್ನು ಕೇಳುವಂತಿಲ್ಲ. ಹಾಗಾಗಿ ಮುಂದಕ್ಕೆ ಸಾವಿರಗಳಲ್ಲಿ ಮುಗಿಯುವ ತೆರಿಗೆ, ಹಿಂದಕ್ಕೆ ಲೆಕ್ಕ ಹಾಕಿದರೆ ಲಕ್ಷಗಳಾಗಿ ನಿಲ್ಲುತ್ತದೆ. ಅದಕ್ಕೆ ಬಡ್ಡಿ, ದಂಡ ಬೇರೆ. ಯಾರಿಗೂ ಕಟ್ಟಲಾಗದ ಮೊತ್ತ ನೋಟಿಸ್‌ನಲ್ಲಿ ಹುಟ್ಟಿಕೊಂಡದ್ದು ಹೀಗೆ.

ಮನೆಗೂ ಅಂಗಡಿಗೂ ಒಂದೇ ಖಾತೆ

ವ್ಯಾಪಾರಿಗಳು ಎತ್ತಿದ ಆಕ್ಷೇಪಗಳಲ್ಲಿ ಅತ್ಯಂತ ಗಟ್ಟಿಯಾದದ್ದು ತೆರಿಗೆಯ ದರದ ಬಗ್ಗೆ ಇರಲಿಲ್ಲ. ‘ಖಾತೆಗೆ ಬಂದದ್ದೆಲ್ಲ ವ್ಯಾಪಾರದ ಹಣವಲ್ಲ’ ಎಂಬುದು ಅವರ ವಾದವಾಗಿತ್ತು. ತಮ್ಮ ಕಳಿಸಿದ ಹಣ, ನೆರೆಯವರು ತೀರಿಸಿದ ಕೈಸಾಲ, ಎತ್ತಿದ ಚೀಟಿಯ ದುಡ್ಡು, ಮಗಳ ಮದುವೆಗೆ ನೆಂಟರು ಹಾಕಿದ್ದು, ಹಳ್ಳಿಯ ಜಮೀನಿನ ಫಸಲಿನ ಪಾಲು ಎಲ್ಲವೂ ಬರುವುದು ಅದೇ ಮೊಬೈಲ್ ಸಂಖ್ಯೆಗೆ. ಸಣ್ಣ ಅಂಗಡಿಯವರಿಗೆ ಚಾಲ್ತಿ ಖಾತೆ, ಉಳಿತಾಯ ಖಾತೆ ಎಂಬ ವಿಂಗಡಣೆ ಇರುವುದಿಲ್ಲ. ಅಂಗಡಿಯ ಹಿಂಬದಿಯ ಕೋಣೆಯಲ್ಲೇ ಮನೆ ಇರುವವರೂ ಇದ್ದಾರೆ. ಅಲ್ಲಿ ಮಗುವಿನ ಶಾಲೆಯ ಶುಲ್ಕ ಹೋಗುವುದು ಗಲ್ಲಾದಿಂದ, ಅಂಗಡಿಗೆ ಸರಕು ಬರುವುದು ಹೆಂಡತಿಯ ಬಳೆ ಅಡವಿಟ್ಟ ಹಣದಿಂದ.

ನಗದು ಇದ್ದಾಗ ಈ ಕಲಬೆರಕೆ ಯಾರಿಗೂ ತೊಂದರೆ ಕೊಡಲಿಲ್ಲ. ಯುಪಿಐ ಬಂದ ಮೇಲೆ ಒಂದು ಕುಟುಂಬದ ಖಾಸಗಿ ಬದುಕಿನ ಇಡೀ ಲೇವಾದೇವಿ ಸಾಲುಸಾಲಾಗಿ ದಾಖಲಾಯಿತು. ಅದನ್ನು ‘ವಹಿವಾಟು’ ಎಂಬ ಒಂದೇ ಕಾಲಂನಲ್ಲಿ ಓದಿದರೆ ವ್ಯಾಪಾರಿ ಇರುವುದಕ್ಕಿಂತ ದೊಡ್ಡವನಾಗಿ ಕಾಣುತ್ತಾನೆ. ವೈಯಕ್ತಿಕ ಜಮೆಯನ್ನು ಬೇರ್ಪಡಿಸಿ ತೋರಿಸಿದರೆ ಒಪ್ಪುತ್ತೇವೆ ಎಂದು ಇಲಾಖೆ ಹೇಳಬಹುದು. ಆದರೆ ಮೂರು ವರ್ಷದ ಹಿಂದೆ ಬಂದ ಐದು ಸಾವಿರ ರೂಪಾಯಿ ಬೋಂಡಾದ್ದಲ್ಲ, ಭಾವಮೈದುನನದು ಎಂದು ಸಾಬೀತು ಮಾಡುವ ಹೊರೆ ಬೀಳುವುದು ಪುಸ್ತಕ ಬರೆದಿಡದ ಮನುಷ್ಯನ ಮೇಲೆ. ಅವನಿಗೊಬ್ಬ ಲೆಕ್ಕಪರಿಶೋಧಕ ಬೇಕು, ಆ ಲೆಕ್ಕಪರಿಶೋಧಕನಿಗೆ ಶುಲ್ಕ ಬೇಕು.

ಇದೇ ವ್ಯಾಪಾರಿಯನ್ನು ಡಿಜಿಟಲ್ ಪಾವತಿಗೆ ಕರೆತಂದದ್ದು ಸರ್ಕಾರವೇ ಎಂಬುದನ್ನೂ ಮರೆಯುವಂತಿಲ್ಲ. 2020ರಲ್ಲಿ ಆರಂಭವಾದ ಪಿಎಂ ಸ್ವನಿಧಿ ಯೋಜನೆ ಬೀದಿಬದಿ ವ್ಯಾಪಾರಿಗಳಿಗೆ ಸಾಲದ ಜೊತೆಗೆ, ಡಿಜಿಟಲ್ ವಹಿವಾಟಿಗೆ ತಿಂಗಳಿಗೆ 100 ರೂಪಾಯಿಯವರೆಗೆ ಪ್ರೋತ್ಸಾಹಧನ ಕೊಟ್ಟಿತು. ಒಂದು ಕೈ ಕ್ಯೂಆರ್ ಅಂಟಿಸಿಕೊಳ್ಳಲು ಹೇಳಿತು, ಇನ್ನೊಂದು ಕೈ ಅದನ್ನೇ ಸಾಕ್ಷಿಯಾಗಿ ಹಿಡಿಯಿತು. ಎರಡರ ನಡುವೆ ‘ಇಷ್ಟು ದಾಟಿದರೆ ನೋಂದಣಿ ಬೇಕು’ ಎಂದು ಹೇಳುವ ಕೆಲಸ ಯಾರದೂ ಆಗಲಿಲ್ಲ.

ತಪ್ಪು ಯಾರದೆಂಬ ಪಂದ್ಯ

ಪ್ರತಿಭಟನೆ ಬಿಸಿಯೇರುತ್ತಿದ್ದಂತೆ ಚರ್ಚೆ ಬೇರೆಡೆಗೆ ಹೊರಳಿತು. ಜಿಎಸ್‌ಟಿ ಕೇಂದ್ರದ ಕಾನೂನು, ಹೊಣೆ ಅವರದೇ ಎಂದು ರಾಜ್ಯದ ಕಾಂಗ್ರೆಸ್ ನಾಯಕರು ಹೇಳಿದರು. ನೋಟಿಸ್ ಕೊಟ್ಟದ್ದು ರಾಜ್ಯದ ಇಲಾಖೆ, ಗ್ಯಾರಂಟಿಗಳಿಗೆ ಹಣ ಹೊಂದಿಸಲು ಬಡ ವ್ಯಾಪಾರಿಗಳ ಮೇಲೆ ಬಿದ್ದಿದ್ದಾರೆ ಎಂದು ಬಿಜೆಪಿ ನಾಯಕರು ತಿರುಗೇಟು ಕೊಟ್ಟರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು.

ಎರಡೂ ಮಾತಿನಲ್ಲಿ ಅರ್ಧರ್ಧ ಸತ್ಯವಿದೆ. ಮಿತಿ, ದರ, ವಿನಾಯಿತಿಗಳನ್ನು ಶಿಫಾರಸು ಮಾಡುವುದು ಜಿಎಸ್‌ಟಿ ಮಂಡಳಿ. ಅಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ಪಾಲು, ಎಲ್ಲ ರಾಜ್ಯಗಳ ಮತಕ್ಕೆ ಸೇರಿ ಮೂರನೇ ಎರಡು ಪಾಲು ತೂಕ. ನಿರ್ಣಯಕ್ಕೆ ಮುಕ್ಕಾಲು ಭಾಗದ ಬೆಂಬಲ ಬೇಕು. ಅಂದರೆ ಕೇಂದ್ರವೊಂದೇ ಏನನ್ನೂ ಹೇರಲಾಗದು, ಕೇಂದ್ರವನ್ನು ಬಿಟ್ಟು ರಾಜ್ಯಗಳೂ ಏನನ್ನೂ ಮಾಡಲಾಗದು. ಕಾನೂನು ಇಬ್ಬರದೂ ಹೌದು. ಈ ನೋಟಿಸ್‌ಗಳ ಸಹಿ ಮಾತ್ರ ರಾಜ್ಯದ್ದು, ಯಾವ ವರ್ಷದಿಂದ, ಯಾವ ಭಾಷೆಯಲ್ಲಿ, ಯಾವ ಅಂಕಿ ಬರೆದು ಕಳಿಸಬೇಕೆಂದು ತೀರ್ಮಾನಿಸಿದ್ದೂ ರಾಜ್ಯವೇ. 2025–26ರ ರಾಜ್ಯ ಬಜೆಟ್‌ನಲ್ಲಿ ಗ್ಯಾರಂಟಿಗಳಿಗೆ ಸುಮಾರು 51,000 ಕೋಟಿ ರೂಪಾಯಿ ಇಟ್ಟಿದ್ದರಿಂದ ಆದಾಯ ಸಂಗ್ರಹದ ಒತ್ತಡ ಇದ್ದದ್ದು ನಿಜ. ಆದರೆ ಶೇ 1ರ ತೆರಿಗೆ ಕಟ್ಟುವ ಕಾಂಡಿಮೆಂಟ್ಸ್ ಅಂಗಡಿಗಳಿಂದ ಆ ಮೊತ್ತದ ಅಂಚೂ ತುಂಬುವುದಿಲ್ಲ.

ಈ ವಾಗ್ವಾದ ಎಷ್ಟೇ ಸ್ವಾರಸ್ಯವಾಗಿದ್ದರೂ ನೋಟಿಸ್ ಹಿಡಿದು ನಿಂತವನಿಗೆ ಬೇಕಾದ ಒಂದು ಉತ್ತರವೂ ಅದರಲ್ಲಿರಲಿಲ್ಲ. ನಾನು ನೋಂದಣಿ ಮಾಡಿಸಬೇಕೇ, ಎಷ್ಟು ದಿನದೊಳಗೆ ಉತ್ತರಿಸಬೇಕು, ಹಳೆಯದನ್ನು ಕಟ್ಟಬೇಕೇ? ಜುಲೈ 23ರಂದು ಹಲವೆಡೆ ಹಾಲು, ಟೀ ಮಾರಾಟ ನಿಂತು, ಕಪ್ಪು ಪಟ್ಟಿ ಕಟ್ಟಿದ ಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿ ಸಂಘಟನೆಗಳ ಸಭೆ ಕರೆದರು. ನೋಂದಣಿ ಮಾಡಿಸಿಕೊಂಡು ಮುಂದೆ ತೆರಿಗೆ ಕಟ್ಟುವವರಿಂದ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂಬ ಭರವಸೆ ಸಿಕ್ಕಿತು. 25ರಂದು ಕರೆದಿದ್ದ ಬಂದ್ ಹಿಂತೆಗೆಯಲಾಯಿತು. ಮೊದಲ ದಿನವೇ ಹೇಳಬಹುದಾಗಿದ್ದ ಮಾತನ್ನು ಕೇಳಲು ಬೀದಿಗೆ ಇಳಿಯಬೇಕಾಯಿತು.

ಚೀಟಿ ಅಂಟಿಸಿ ನಗದಿಗೆ ಮರಳಿದವರಿಗೆ ಅದರಿಂದ ಆದ ಲಾಭ ಅಷ್ಟಕ್ಕಷ್ಟೆ. ಹಳೆಯ ಮಾಹಿತಿ ಅಳಿಸಿಹೋಗುವುದಿಲ್ಲ. ಸಗಟು ವ್ಯಾಪಾರಿಯಿಂದ ತರುವ ಸರಕಿಗೆ ಬಿಲ್ಲು ಇರುತ್ತದೆ. ಬ್ಯಾಂಕಿನಲ್ಲಿ ಸಾಲ ಕೇಳಲು ತೋರಿಸಬಹುದಾಗಿದ್ದ ಒಂದೇ ದಾಖಲೆ ಕೈತಪ್ಪುತ್ತದೆ.

ತುಪ್ಪದ ಬೆಲೆಯಲ್ಲಿ ತೆರಿಗೆ ಎಷ್ಟು

ನೋಟಿಸ್ ನೇರವಾಗಿ ಬಾಗಿಲು ತಟ್ಟುವ ತೆರಿಗೆ. ಇನ್ನೊಂದು ಬಗೆಯದು ಬೆಲೆಯೊಳಗೆ ಅಡಗಿ ಬರುತ್ತದೆ, ಅದನ್ನು ಗುರುತಿಸುವುದು ಇನ್ನೂ ಕಷ್ಟ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಇಳಿದವು. ಶೇ 12 ಮತ್ತು ಶೇ 28ರ ಹಂತಗಳು ಬಹುಪಾಲು ಹೋಗಿ, ಹೆಚ್ಚಿನ ವಸ್ತುಗಳು ಶೇ 5 ಅಥವಾ ಶೇ 18ಕ್ಕೆ ಬಂದವು. ತುಪ್ಪದ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಲೀಟರಿಗೆ 650 ರೂಪಾಯಿ ಇದ್ದ ನಂದಿನಿ ತುಪ್ಪ 610ಕ್ಕೆ ಬಂತು. ಗುಣಾಕಾರ ಮಾಡಿ ನೋಡಿದರೆ ಇದು ಕರಾರುವಾಕ್ಕು: 650ರಲ್ಲಿ ತೆರಿಗೆ ಕಳೆದ ಮೂಲ ಬೆಲೆ ಸುಮಾರು 580, ಅದಕ್ಕೆ ಶೇ 5 ಸೇರಿಸಿದರೆ 609. ಕೆಎಂಎಫ್ ತೆರಿಗೆ ಇಳಿಕೆಯನ್ನು ಪೂರ್ತಿಯಾಗಿ ಗ್ರಾಹಕರಿಗೆ ದಾಟಿಸಿತ್ತು.

ನವೆಂಬರ್ ಮೊದಲ ವಾರ ಅದೇ ತುಪ್ಪ 700 ರೂಪಾಯಿ ಆಯಿತು. ನಲವತ್ತು ಇಳಿದು ತೊಂಬತ್ತು ಏರಿತು. ತೆರಿಗೆ ಇಳಿಸಿದ್ದು ಸುಳ್ಳೇ? ಸುಳ್ಳಲ್ಲ. ಮೊದಲು ಒಂದು ಲೀಟರಿನಲ್ಲಿ ಸುಮಾರು 70 ರೂಪಾಯಿ ತೆರಿಗೆ ಇತ್ತು, 700ರ ಬೆಲೆಯಲ್ಲಿ ಅದು 33 ರೂಪಾಯಿ. ಏರಿದ್ದು ಮೂಲ ಬೆಲೆ. ಆದರೆ ಮನೆಯ ಲೆಕ್ಕದ ಪುಸ್ತಕದಲ್ಲಿ ಈ ಎರಡಕ್ಕೂ ಬೇರೆ ಬೇರೆ ಸಾಲಿಲ್ಲ. ಹೀಗಾಗಿ ಒಂದು ಪಕ್ಷ ಸೆಪ್ಟೆಂಬರಿನ ಬೆಲೆ ತೋರಿಸಿ ಉಡುಗೊರೆ ಎನ್ನುತ್ತದೆ, ಇನ್ನೊಂದು ಪಕ್ಷ ನವೆಂಬರಿನ ಬೆಲೆ ತೋರಿಸಿ ಲೂಟಿ ಎನ್ನುತ್ತದೆ, ಇಬ್ಬರ ಕೈಯಲ್ಲೂ ನಿಜವಾದ ಬಿಲ್ಲೇ ಇರುತ್ತದೆ.

ಇದಕ್ಕೂ ಮೊದಲು, ಅದೇ ವರ್ಷದ ಏಪ್ರಿಲ್ 1ರಿಂದ ನಂದಿನಿ ಹಾಲಿನ ಬೆಲೆ ಲೀಟರಿಗೆ 4 ರೂಪಾಯಿ ಏರಿತ್ತು. ರಾಜ್ಯ ಸರ್ಕಾರ ಡೀಸೆಲ್ ಮಾರಾಟ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿದ್ದೂ ಆಗಲೇ. ಡೀಸೆಲ್ ಜಿಎಸ್‌ಟಿಯ ಹೊರಗಿದೆ. ಆದರೆ ತರಕಾರಿ ಬರುವುದು ಲಾರಿಯಲ್ಲಿ. ಜಿಎಸ್‌ಟಿ ಇಲ್ಲದ ಟೊಮೆಟೊ ಕೂಡ ಹೀಗೆ ತೆರಿಗೆ ಹೊತ್ತುಕೊಂಡೇ ಅಡುಗೆಮನೆಗೆ ಬರುತ್ತದೆ. ದರ ಇಳಿದರೂ ಬೆಲೆ ಇಳಿಸದ ಕಂಪನಿಯ ಮೇಲೆ ದೂರು ಕೊಡಲು ಮೊದಲು ಜಿಎಸ್‌ಟಿ ಕಾನೂನಿನಲ್ಲೇ ದಾರಿಯಿತ್ತು. 2025ರ ಏಪ್ರಿಲ್‌ನಿಂದ ಅಲ್ಲಿ ಹೊಸ ದೂರು ಸ್ವೀಕರಿಸುತ್ತಿಲ್ಲ. ಅತಿ ದೊಡ್ಡ ದರ ಇಳಿಕೆ ಬಂದದ್ದು ಆ ಬಾಗಿಲು ಮುಚ್ಚಿದ ಆರು ತಿಂಗಳಿಗೆ.

ನಮ್ಮ ತೆರಿಗೆ, ಯಾರ ಪಾಲು

ಅತಿ ಹೆಚ್ಚು ಸದ್ದು ಮಾಡುವ ತೆರಿಗೆ ಸುದ್ದಿ ಮನೆ ತಲುಪುವುದು ಅತಿ ನಿಧಾನವಾಗಿ. ಕೇಂದ್ರ ತೆರಿಗೆಗಳಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಕಾಲದಲ್ಲಿ ಶೇ 4.713 ಇತ್ತು. 15ನೇ ಆಯೋಗ ಅದನ್ನು ಶೇ 3.647ಕ್ಕೆ ಇಳಿಸಿತು. 2024ರ ಫೆಬ್ರುವರಿ 7ರಂದು ರಾಜ್ಯದ ಮಂತ್ರಿಮಂಡಲ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತದ್ದು ಇದೇ ಕಾರಣಕ್ಕೆ.

ಪಾಲು ಕುಸಿಯಲು ಮುಖ್ಯ ಕಾರಣ ಆಯೋಗದ ಸೂತ್ರ. ಅದರಲ್ಲಿ ಶೇ 45ರಷ್ಟು ತೂಕ ‘ಆದಾಯ ಅಂತರ’ಕ್ಕೆ: ತಲಾ ಆದಾಯ ಕಡಿಮೆ ಇದ್ದಷ್ಟೂ ಪಾಲು ಹೆಚ್ಚು. ಬೆಂಗಳೂರಿನ ಐಟಿ ಸಂಬಳ ರಾಜ್ಯದ ಸರಾಸರಿಯನ್ನು ಮೇಲೆತ್ತಿತು. ಸರಾಸರಿ ಮೇಲೆ ಹೋದಂತೆ ಯಾದಗಿರಿಯ ಬಡತನವೂ ಕಾಗದದ ಮೇಲೆ ಕರಗಿತು. ದೇಶದ ಉತ್ಪಾದನೆಗೆ ಇಷ್ಟೊಂದು ಕೊಟ್ಟು ಇಷ್ಟು ಕಡಿಮೆ ಪಡೆಯುವುದು ಅನ್ಯಾಯ ಎಂಬುದು ರಾಜ್ಯದ ವಾದ. ತೆರಿಗೆಯ ಮೇಲೆ ಕೇಂದ್ರ ಹೆಚ್ಚುವರಿಯಾಗಿ ಹಾಕುವ ಸೆಸ್, ಸರ್‌ಚಾರ್ಜ್‌ಗಳು ಹಂಚಿಕೆಗೇ ಬರುವುದಿಲ್ಲ ಎಂಬುದೂ, 15ನೇ ಆಯೋಗ ತನ್ನ ಮಧ್ಯಂತರ ವರದಿಯಲ್ಲಿ ಶಿಫಾರಸು ಮಾಡಿದ್ದ 5,495 ಕೋಟಿ ರೂಪಾಯಿಯ ವಿಶೇಷ ಅನುದಾನ ಸಿಗಲಿಲ್ಲ ಎಂಬುದೂ ಅದರ ದೂರು. ಹಂಚಿಕೆ ಸೂತ್ರ ಬರೆಯುವುದು ಸ್ವತಂತ್ರ ಆಯೋಗ, ಒಟ್ಟು ಮೊತ್ತ ಹಿಂದಿಗಿಂತ ಹೆಚ್ಚಿದೆ, ಬಡ ರಾಜ್ಯಗಳನ್ನು ಕೈಬಿಡಲಾಗದು ಎಂಬುದು ಕೇಂದ್ರದ ಉತ್ತರ.

ಅರವಿಂದ ಪನಗಾರಿಯಾ ನೇತೃತ್ವದ 16ನೇ ಆಯೋಗ ರಾಜ್ಯಗಳ ಒಟ್ಟು ಪಾಲನ್ನು ಶೇ 41ರಲ್ಲೇ ಉಳಿಸಿ, ದೇಶದ ಉತ್ಪನ್ನಕ್ಕೆ ರಾಜ್ಯ ನೀಡುವ ಕೊಡುಗೆಗೆ ಶೇ 10ರಷ್ಟು ತೂಕ ಕೊಟ್ಟಿತು. ಕರ್ನಾಟಕದ ಪಾಲು ಶೇ 4.131ಕ್ಕೆ ಏರಿತು. ಕಳೆದುಕೊಂಡದ್ದರಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಮರಳಿತು. 2026–27ರಿಂದ ಐದು ವರ್ಷ ಇದೇ ಲೆಕ್ಕ. ಇದರಿಂದ ನಾಳೆ ಯಾರ ಬಿಲ್ಲೂ ಬದಲಾಗುವುದಿಲ್ಲ. ಅದು ಮನೆಗೆ ಬರುವುದು ತಾಲ್ಲೂಕು ಆಸ್ಪತ್ರೆಯ ಖಾಲಿ ಹುದ್ದೆ ತುಂಬುವುದರಲ್ಲಿ, ಗೃಹಲಕ್ಷ್ಮಿಯ 2,000 ರೂಪಾಯಿ ಯಾವ ತಿಂಗಳು ಬರುತ್ತದೆ ಎಂಬುದರಲ್ಲಿ, ಮುಂದಿನ ಬಾರಿ ಡೀಸೆಲ್ ತೆರಿಗೆ ಏರಿಸುವ ಅಗತ್ಯ ಬೀಳುತ್ತದೆಯೇ ಎಂಬುದರಲ್ಲಿ.

ಆ ಹಣ ರಾಜ್ಯದೊಳಗೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಜಂತರ್ ಮಂತರ್‌ನಷ್ಟು ಪ್ರಚಾರ ಸಿಗುವುದಿಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆ ಎಂದು ವರದಿ ಕೊಟ್ಟಿತ್ತು. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಸಿಕ್ಕಿದ್ದೂ ಹಿಂದುಳಿದವರಿಗೆ ಹೆಚ್ಚು ಕೊಡಬೇಕೆಂಬ ತತ್ವದ ಮೇಲೆಯೇ. ‘ದುಡಿದವರಿಗೆ ಹೆಚ್ಚು ಪಾಲು’ ಎಂದು ದೆಹಲಿಗೆ ಹೇಳುವ ಸರ್ಕಾರ ಕಲಬುರಗಿಗೆ ಬಂದಾಗ ‘ಇಲ್ಲದವರಿಗೆ ಹೆಚ್ಚು ಪಾಲು’ ಎನ್ನಲೇಬೇಕು. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಈ ಇಕ್ಕಟ್ಟು ತಪ್ಪಿದ್ದಲ್ಲ. ಹೆಚ್ಚಾದ ಪಾಲಿನಲ್ಲಿ ರಾಯಚೂರು, ಯಾದಗಿರಿಗಳಿಗೆ ಸಿಕ್ಕಿದ್ದೆಷ್ಟು, ಬೆಂಗಳೂರಿನ ಸುರಂಗ ರಸ್ತೆಯಂತಹ ಯೋಜನೆಗಳಿಗೆ ಹೋದದ್ದೆಷ್ಟು ಎಂಬುದರ ಸುಳಿವು ಪ್ರತಿ ವರ್ಷ ಬಜೆಟ್ ಪುಸ್ತಕಗಳ ಇಲಾಖಾವಾರು ಪುಟಗಳಲ್ಲಿ ಇರುತ್ತದೆ. ವಿಧಾನಸಭೆಯಲ್ಲಿ ಆ ಪುಟಗಳ ಮೇಲೆ ನಡೆಯುವ ಚರ್ಚೆ ಸಾಮಾನ್ಯವಾಗಿ ಖಾಲಿ ಕುರ್ಚಿಗಳ ಮುಂದೆಯೇ.